ನಾಲ್ಕು ದಿನ ನೆನೆಯಬೇಕಿದ್ದ ಮಣ್ಣು

ಹೊಸಪೇಟೆಯ ಆ ಬಾಡಿಗೆ ಮನೆಯಲ್ಲಿ ಬಿಳಿಯದು ಯಾವುದೂ ಬಿಳಿಯಾಗಿ ಉಳಿಯುತ್ತಿರಲಿಲ್ಲ. ಸಂಡೂರಿನ ಗುಡ್ಡಗಳಿಂದ ಅದಿರು ತುಂಬಿಕೊಂಡು ರೈಲ್ವೆ ಸೈಡಿಂಗಿಗೆ ಹೋಗುವ ಲಾರಿಗಳ ರಸ್ತೆ ನಮ್ಮ ಓಣಿಯಿಂದ ಇನ್ನೂರು ಹೆಜ್ಜೆ ದೂರದಲ್ಲಿತ್ತು. ಅಪ್ಪನ ಬನಿಯನ್ನು, ಅಜ್ಜಿಯ ಸೀರೆ, ನನ್ನ ಶಾಲೆಯ ರಿಬ್ಬನ್ನು, ಮೊಸರಿನ ಮೇಲಿನ ಕೆನೆ ಎಲ್ಲವೂ ಒಂದೇ ಮಾಸಲು ಕೆಂಪಿಗೆ ತಿರುಗಿದ್ದವು. ಅವ್ವ ಒಗೆದ ಬಟ್ಟೆಯನ್ನು ಹೊರಗೆ ಹಾಕುವುದನ್ನೇ ಬಿಟ್ಟು ನಡುಮನೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ಹಗ್ಗ ಕಟ್ಟಿದ್ದಳು. ಹೀಗಾಗಿ ಆ ಮನೆಯಲ್ಲಿ ನಾವು ಸದಾ ಒದ್ದೆ ಬಟ್ಟೆಗಳ ಕೆಳಗೆ ತಲೆ ತಗ್ಗಿಸಿಕೊಂಡು ಓಡಾಡುತ್ತಿದ್ದೆವು. ಒಂದರ ಹಿಂದೆ ಒಂದು ಮೂರು ಕೋಣೆ: ಪಡಸಾಲೆ, ನಡುಮನೆ, ಅಡುಗೆಮನೆ. ಹಿತ್ತಲಲ್ಲಿ ಬಚ್ಚಲು, ಒಗೆಯುವ ಕಲ್ಲು, ಒಂದು ನಳ. ನಳದ ಪಕ್ಕದಲ್ಲಿ ಸಿಮೆಂಟಿನ ಒಂದು ತೊಟ್ಟಿ. ಮನೆಯಲ್ಲಿ ಹೆಚ್ಚು ನೀರು ಹಿಡಿಯುವ ಪಾತ್ರೆ ಎಂದರೆ ಅದೊಂದೇ.

ಅವ್ವನ ತವರು ಕಂಪ್ಲಿ. ಅಲ್ಲಿ ಹಿತ್ತಿಲ ಬಾಗಿಲು ತೆಗೆದರೆ ಕಾಲುವೆ, ಅದರಾಚೆ ಭತ್ತದ ಗದ್ದೆ. ನೀರನ್ನು ಅಳೆದು ಬಳಸುವುದನ್ನು ಅವಳು ಮದುವೆಯಾದ ಮೇಲೆ ಕಲಿತಳು. ಊರ ಪಕ್ಕದಲ್ಲೇ ಅಣೆಕಟ್ಟು ಇದ್ದರೂ ನಮ್ಮ ಓಣಿಯ ನಳಕ್ಕೆ ಐದು ದಿನಕ್ಕೊಮ್ಮೆ ನೀರು ಬರುತ್ತಿತ್ತು, ಅದೂ ಹೊತ್ತುಗೊತ್ತಿಲ್ಲದೆ. ಮೊದಲು ಕಂಡವರು ಕೂಗುತ್ತಿದ್ದರು, ಕೂಗು ಮನೆಯಿಂದ ಮನೆಗೆ ದಾಟುತ್ತಿತ್ತು. ಒಲೆಯ ಮೇಲಿದ್ದ ಹಂಚಿನಲ್ಲಿ ರೊಟ್ಟಿ ಸುಡುತ್ತಿದ್ದರೂ ಅವ್ವ ಎದ್ದು ಓಡುತ್ತಿದ್ದಳು. ಆ ಮನೆಯ ಜಗಳಗಳಲ್ಲಿ ಅರ್ಧ ನೀರಿನವು, ಇನ್ನರ್ಧ ಧೂಳಿನವು.

ಅಪ್ಪ ಸರಕಾರಿ ರಸ್ತೆ ಕಚೇರಿಯೊಂದರಲ್ಲಿ ಜೂನಿಯರ್ ಇಂಜಿನಿಯರ್. ಮಾತು ಕಡಿಮೆ. ಆದರೆ ಊಟಕ್ಕೆ ಕುಳಿತಾಗ, ಪಕ್ಕದಲ್ಲಿ ನಾನಿದ್ದರೆ, ರಸ್ತೆಯ ಬಗ್ಗೆ ಮಾತಾಡುತ್ತಿದ್ದರು. ತಟ್ಟೆಯಲ್ಲಿ ಮೂರು ರೊಟ್ಟಿ ಒಂದರ ಮೇಲೊಂದು ಇಟ್ಟು, ಮೇಲಿನದಕ್ಕೆ ಹೆಬ್ಬೆರಳು ಒತ್ತಿ, ಕೆಳಗಿನದು ಎಷ್ಟು ತಗ್ಗುತ್ತದೆ ನೋಡು ಅನ್ನುತ್ತಿದ್ದರು. ಜನ ಡಾಂಬರನ್ನೇ ರಸ್ತೆ ಅಂದುಕೊಂಡಿದ್ದಾರೆ, ಡಾಂಬರು ನೀರು ಇಳಿಯದ ಹಾಗೆ ಹೊದಿಸಿದ ಹೊದಿಕೆ, ಭಾರವನ್ನು ಹೊರುವುದು ಅದರ ಕೆಳಗಿನ ಜಲ್ಲಿ, ಜಲ್ಲಿಯ ಕೆಳಗಿನ ಗ್ರಾವೆಲ್, ಕೊನೆಗೆ ಎಲ್ಲ ಬಂದು ಕೂರುವುದು ಮಣ್ಣಿನ ಮೇಲೆ ಎಂದು ಹೇಳುತ್ತಿದ್ದರು. ನಮ್ಮ ಕಡೆಯ ಬಿಸಿಲಿಗೆ ಏಪ್ರಿಲ್‌ನಲ್ಲಿ ಡಾಂಬರು ಮೆತ್ತಗಾಗುತ್ತದೆ, ಗಾಲಿ ಹೋದಲ್ಲಿ ತಗ್ಗು ಬೀಳುತ್ತದೆ, ಜೂನ್‌ನಲ್ಲಿ ಆ ತಗ್ಗಿನಲ್ಲಿ ನೀರು ನಿಲ್ಲುತ್ತದೆ, ಬಿರುಕಿನಿಂದ ಮಣ್ಣಿಗೆ ಇಳಿಯುತ್ತದೆ. ಕಪ್ಪು ಮಣ್ಣು ಒಣಗಿದಾಗ ಕಲ್ಲು, ನೆನೆದಾಗ ಹಿಟ್ಟು. ಅದಕ್ಕೇ ರಸ್ತೆ ಮಾಡುವ ಮುಂಚೆ ಆ ಮಣ್ಣನ್ನು ನಾಲ್ಕು ದಿನ ನೀರಿನಲ್ಲಿಟ್ಟು, ಅದರ ಅತಿ ದುರ್ಬಲ ಸ್ಥಿತಿಯಲ್ಲಿ ಅದು ಎಷ್ಟು ತಡೆಯುತ್ತದೆ ಎಂದು ನೋಡಬೇಕು. ಆ ಒಂದು ಅಂಕಿಯಿಂದ ಮೇಲಿನ ಪದರುಗಳ ದಪ್ಪವೆಲ್ಲ ನಿರ್ಧಾರ. ಇದನ್ನೆಲ್ಲ ಅಪ್ಪ ನನಗೆ ಹೇಳಿದರು. ಎರಡು ಹೆಜ್ಜೆ ಆಚೆ ರೊಟ್ಟಿ ಬಡಿಯುತ್ತ ಕುಳಿತಿದ್ದ ಅವ್ವನಿಗೆ ಹೇಳಲಿಲ್ಲ. ಬಡಿಯುವ ಸದ್ದಿನಲ್ಲಿ ಅವಳಿಗೆ ಕೇಳಿಸಿರಲಿಕ್ಕಿಲ್ಲ.

ನಾನು ಆರನೇ ಇಯತ್ತೆಯಲ್ಲಿದ್ದ ವರ್ಷ, ಬೇಸಿಗೆಯಲ್ಲಿ, ಅಪ್ಪನಿಗೆ ಗುಡ್ಡ ಇಳಿದು ಬರುವ ಲಾರಿ ರಸ್ತೆಯ ಒಂದು ತುಂಡನ್ನು ಹೊಸದಾಗಿ ವಿನ್ಯಾಸ ಮಾಡುವ ಕೆಲಸ ಬಂತು. ಕಚೇರಿಯ ಪರೀಕ್ಷಾ ಕೋಣೆಯಲ್ಲಿ ಮಣ್ಣು ನೆನೆಸುವ ತೊಟ್ಟಿ ಸೋರುತ್ತಿತ್ತು, ರಿಪೇರಿಗೆ ಬರೆದ ಕಾಗದಕ್ಕೆ ಉತ್ತರ ಬಂದಿರಲಿಲ್ಲ. ಅಪ್ಪ ಎರಡು ಕಬ್ಬಿಣದ ಅಚ್ಚುಗಳಲ್ಲಿ ಮಣ್ಣು ತುಂಬಿ, ಗಟ್ಟಿಯಾಗಿ ಬಡಿದು ದಮ್ಮಸು ಮಾಡಿ ಆಟೋದಲ್ಲಿ ಮನೆಗೆ ತಂದು, ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ನಮ್ಮ ಹಿತ್ತಿಲ ತೊಟ್ಟಿಯಲ್ಲಿ ಮುಳುಗಿಸಿದರು. ಪ್ರತಿ ಅಚ್ಚಿನ ಮೇಲೂ ರಸ್ತೆಯ ಭಾರದ ಬದಲಿಗೆ ಕಬ್ಬಿಣದ ಬಿಲ್ಲೆಗಳು. ಅದರ ಮೇಲೊಂದು ಮುಕ್ಕಾಲಿ, ಮುಕ್ಕಾಲಿಗೆ ಗಡಿಯಾರದಂಥ ಮಾಪಕ. ಮಣ್ಣು ನೀರು ಕುಡಿದು ಉಬ್ಬಿದ ಹಾಗೆಲ್ಲ ಮಾಪಕದ ಮುಳ್ಳು ಮುಂದೆ ಸರಿಯುತ್ತಿತ್ತು. ಬೆಳಿಗ್ಗೆ ಸಂಜೆ ಅಪ್ಪ ಅದನ್ನು ಓದಿ ಬರೆದುಕೊಳ್ಳುತ್ತಿದ್ದರು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ತೆಗೆಯಬೇಕು, ಅಲ್ಲಿಯವರೆಗೆ ಯಾರೂ ಮುಟ್ಟಬೇಡಿ ಅಂದರು. ಯಾಕೆ ಅಂತ ಹೇಳಲಿಲ್ಲ.

ಶನಿವಾರ ನಸುಕಿನಲ್ಲೇ ಅಪ್ಪ ಸಂಡೂರಿನ ಕಡೆ ಹೋದರು. ಲಾರಿಗಳನ್ನು ನಿಲ್ಲಿಸಿ ಒಂದೊಂದು ಗಾಲಿಯ ಭಾರ ತೂಗುವ ಕೆಲಸ, ಭಾನುವಾರ ಮಧ್ಯಾಹ್ನದವರೆಗೆ. ಭಾನುವಾರವೇ ನಮ್ಮ ಮನೆಯಲ್ಲಿ ತೀರಿಹೋದ ಅಜ್ಜನ ಹೆಸರಿನಲ್ಲಿ ವರ್ಷಕ್ಕೊಮ್ಮೆ ಜಂಗಮರನ್ನು ಕರೆದು ಪಾದಪೂಜೆ ಮಾಡಿ ಊಟಕ್ಕಿಡುವ ದಿನ. ಅಯ್ಯನವರು ಐದು ಮಂದಿ. ಅವರು ಅದೇ ದಿನ ಕಮಲಾಪುರದ ಇನ್ನೊಂದು ಮನೆಗೂ ಪೂಜೆಗೆ ಹೋಗಬೇಕಿದ್ದರಿಂದ ನಮ್ಮಲ್ಲಿಗೆ ಬೆಳಿಗ್ಗೆ ಆರಕ್ಕೇ ಬರುವವರಿದ್ದರು. ಅಜ್ಜಿಗೆ ಆ ಪೂಜೆಗೆ, ಆ ಅಡುಗೆಗೆ ಹೊಸ ನೀರೇ ಆಗಬೇಕು, ಹಂಡೆಯಲ್ಲಿ ನಾಲ್ಕು ದಿನ ಕೂತ ನೀರು ಆಗದು. ಎರಡು ದಿನದಿಂದ ನಳ ನೋಡಿ ನೋಡಿ ಅವ್ವನ ಮುಖ ಒಣಗಿತ್ತು. ಶನಿವಾರ ಮಧ್ಯಾಹ್ನ ಎರಡಕ್ಕೆ ಓಣಿಯಲ್ಲಿ ಕೂಗು ಎದ್ದಿತು.

"ಗಿರಿಜಾ, ಬಾ ಇಲ್ಲೆ. ಈ ಮಣ್ಣಿನ ಡಬ್ಬಿ ಎತ್ತಾಕ ಒಂದು ಕೈ ಹಿಡಿ."

"ಅಪ್ಪ ಮುಟ್ಟಬ್ಯಾಡ ಅಂದಾರ."

"ಅಂದಾರ, ಖರೆ. ನಳಕ್ಕೂ ಒಂದು ಮಾತು ಹೇಳಿ ಹೋಗಬೇಕಿತ್ತು ನಿಮ್ಮಪ್ಪ, ಸೋಮವಾರ ಬಾರಪ್ಪಾ ಅಂತ. ಜಲ್ದಿ ಹಿಡಿ."

"ಅವ್ವಾ, ಅದು ನಾಲ್ಕು ದಿನ..."

"ಎರಡು ದಿನದಿಂದ ನೀರಾಗ ಬಿದ್ದೈತಿ. ಇನ್ನೆಷ್ಟು ಕುಡಿತೈತಿ ಅದು?"

ಒಳಗಿನಿಂದ ಅಜ್ಜಿ ಕೂಗಿದಳು.

"ಏನ್ ಪಂಚಾಯ್ತಿ ನಡಿಸೀರಿ ತಾಯಿ ಮಗಳು? ನೀರು ನಿಂತ ಮ್ಯಾಲ ಬಗೆಹರಿಸೀರೇನು?"

ನಾನು ಹಿಡಿದೆ. ಒಂದೊಂದು ಅಚ್ಚೂ ತುಂಬಿದ ಕೊಡಕ್ಕಿಂತ ಭಾರ. ಅವ್ವ ಅವನ್ನು ಒಗೆಯುವ ಕಲ್ಲಿನ ಮೇಲೆ ನೆರಳಿಗೆ ಇಟ್ಟು, ಗೋಣಿಚೀಲ ಒದ್ದೆ ಮಾಡಿ ಹೊದಿಸಿದಳು. ಬಾಣಂತಿಗೆ ಹೊದಿಸಿದಷ್ಟು ಜತನದಿಂದ ಹೊದಿಸಿದಳು ಎಂದು ಇಲ್ಲಿ ಬರೆಯಲೇಬೇಕು. ಅವಳು ಬೇಜವಾಬ್ದಾರಿ ಹೆಂಗಸಲ್ಲ. ತೊಟ್ಟಿಯನ್ನು ತೊಳೆದು ಹೊಸ ನೀರು ತುಂಬಿದಳು. ಮರುದಿನ ಬೆಳಿಗ್ಗೆ ಪಾದಪೂಜೆಯಾಗಿ, ಅಯ್ಯನವರು ಹೋಳಿಗೆ ಉಂಡು ಎದ್ದು ಹೋದ ಮೇಲೆ, ಉಳಿದ ನೀರಿರುವ ತೊಟ್ಟಿಗೆ ಅಚ್ಚುಗಳನ್ನು ಮತ್ತೆ ಇಳಿಸಿದೆವು, ಮುಕ್ಕಾಲಿಗಳನ್ನು ಇದ್ದ ಹಾಗೆ ಕೂರಿಸಿದೆವು. ನಡುಮನೆಯ ಗಡಿಯಾರ ಒಂಬತ್ತು ಹೊಡೆಯಿತು. ನಾನು ಬೆರಳು ಮಡಚಿ ಎಣಿಸಿದೆ, ಹತ್ತೊಂಬತ್ತು ತಾಸು.

"ಅಪ್ಪಗ ಹೇಳಬ್ಯಾಡ," ಅವ್ವ ಅಂದಳು. "ದಣದು ಬಂದಿರ್ತಾರ. ಊಟಕ್ಕ ಕುಂತಾಗ ಸುಮ್ನ ತಲಿ ತಿಂತಾರ."

ಮಧ್ಯಾಹ್ನ ಬಂದ ಅಪ್ಪ ನಿಜಕ್ಕೂ ದಣಿದಿದ್ದರು. ಕಿವಿಯ ಒಳಗೂ ಕೆಂಪು ಧೂಳು. ಊಟಕ್ಕೆ ಕುಳಿತು, ಲಾರಿಗಳು ಪರವಾನಗಿಯ ಹೆಚ್ಚುಕಡಿಮೆ ಎರಡು ಪಟ್ಟು ಹೊತ್ತು ಬರುತ್ತಿವೆ ಅಂದರು. ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಹಾನಿ ಎರಡು ಪಟ್ಟಲ್ಲ, ಸುಮಾರು ಹದಿನಾರು ಪಟ್ಟು ಅಂದರು. ನನಗೆ ನಂಬಿಕೆ ಬರಲಿಲ್ಲ. ಎರಡನ್ನು ನಾಲ್ಕು ಸಲ ಬರೆದು ಒಂದಕ್ಕೊಂದು ಗುಣಿಸಿ ತೋರಿಸಿದರು. ಸಂಜೆ ತೊಟ್ಟಿಯ ಬಳಿ ಹೋಗಿ ಮಾಪಕ ಓದಿದರು. ಬಹಳ ಹೊತ್ತು ಬಗ್ಗಿ ನಿಂತಿದ್ದರು. ನಾನು ಬಾಗಿಲ ಹಿಂದೆ ನಿಂತು ನೋಡುತ್ತಿದ್ದೆ. ಆಮೇಲೆ ಏನೋ ಬರೆದುಕೊಂಡು, ಕೈ ತೊಳೆದು ಒಳಗೆ ಬಂದರು. ಯಾರನ್ನೂ ಏನೂ ಕೇಳಲಿಲ್ಲ.

ಸೋಮವಾರ ಅಚ್ಚುಗಳು ಪರೀಕ್ಷೆಗೆ ಹೋದವು. ಅಂದೇ ಸಂಜೆಯೊಳಗೆ ಅಂದಾಜು ಪಟ್ಟಿ ಮೇಲಿನ ಕಚೇರಿಗೆ ಮುಟ್ಟಬೇಕಿತ್ತು. ಲಾರಿಗಳ ನಿಜವಾದ ತೂಕದ ಹಾಳೆಗಳನ್ನು ಅಪ್ಪ ಪಟ್ಟಿಗೆ ಸೇರಿಸಿದ್ದರು. ಅವರ ಮೇಲಿನ ಸಾಹೇಬರು ಅವನ್ನು ತೆಗೆದು ವಾಪಸು ಕೊಟ್ಟರಂತೆ. ಆ ಮಾತನ್ನು ಅಪ್ಪ ಮನೆಯಲ್ಲಿ ಒಂದೇ ಸಲ ಹೇಳಿದ್ದರು, ಆದರೂ ನನಗೆ ಬಾಯಿಪಾಠ.

"ಕಾಯ್ದೆ ಪ್ರಕಾರ ಇಲ್ಲದ ಭಾರಕ್ಕ ರಸ್ತೆ ಹೆಂಗ ಕಟ್ಟತೀರ್ರಿ? ಪರವಾನಗಿ ಎಷ್ಟೈತಿ ಅಷ್ಟಕ್ಕ ಲೆಕ್ಕಾ ಹಾಕ್ರಿ. ಮಿಕ್ಕಿದ್ದು ಪೊಲೀಸರ ಕೆಲಸ, ನಿಮ್ಮದಲ್ಲ."

ಮರುವರ್ಷ ಮಳೆಗಾಲ ಮುಗಿಯುವ ಮುಂಚೆಯೇ ಹೊಸ ರಸ್ತೆ ಒಡೆಯಿತು. ಗಾಲಿ ಹೋಗುವ ಎರಡು ಸಾಲು ಕಾಲುವೆಯಂತೆ ಇಳಿದು, ನಡುವೆ ಡಾಂಬರು ದಿಣ್ಣೆಯಂತೆ ಎದ್ದಿತ್ತು. ಶಾಲೆಯ ಮಕ್ಕಳನ್ನು ತುಂಬಿಕೊಂಡಿದ್ದ ಆಟೋ ಒಂದು ಆ ಸಾಲಿನಿಂದ ಮೇಲೆ ಹತ್ತಲು ಹೋಗಿ ಮಗುಚಿತು. ಅದರಲ್ಲಿ ನನ್ನ ತರಗತಿಯ ಹುಡುಗಿ ಇದ್ದಳು. ಅವಳ ಕೈ ಎರಡು ಕಡೆ ಮುರಿಯಿತು. ಪ್ಲಾಸ್ಟರು ಹಾಕಿದ ಕೈಯಲ್ಲಿ ಬರೆಯಲಾಗದೆ ಅವಳು ನನ್ನ ಪಕ್ಕ ಕೂರುತ್ತಿದ್ದಳು, ಅವಳ ನೋಟುಗಳನ್ನು ನಾನು ಬರೆದುಕೊಡುತ್ತಿದ್ದೆ. ಪ್ರತಿ ಪುಟ ಬರೆಯುವಾಗಲೂ ನನಗೆ ಒಗೆಯುವ ಕಲ್ಲು ಕಾಣುತ್ತಿತ್ತು. ಅವಳಿಗೂ ಹೇಳಲಿಲ್ಲ, ಯಾರಿಗೂ ಹೇಳಲಿಲ್ಲ.

ರಸ್ತೆ ಒಡೆದದ್ದಕ್ಕೆ ಅಪ್ಪನ ಮೇಲೆ ಇಲಾಖೆಯ ವಿಚಾರಣೆ ಬಂತು. ಒಂದು ಪ್ರಶ್ನಾವಳಿ ಕೊಟ್ಟು, ಉತ್ತರ ಬರೆದು ಸಹಿ ಮಾಡಿ ತರಬೇಕು ಅಂದರು. ಅಪ್ಪ ಅದನ್ನು ಪಡಸಾಲೆಯ ಮೇಜಿನ ಮೇಲಿಟ್ಟುಕೊಂಡು ಮೂರು ಸಂಜೆ ಕುಳಿತರು. ನಾಲ್ಕನೇ ಪ್ರಶ್ನೆ ಹೀಗಿತ್ತು: ಮಣ್ಣಿನ ಮಾದರಿಗಳನ್ನು ಪೂರ್ತಿ ನಾಲ್ಕು ದಿನ ನೀರಿನಲ್ಲಿ ನೆನೆಸಲಾಗಿತ್ತೇ? ಅದರ ಮುಂದಿನ ಜಾಗ ಖಾಲಿ. ಮೂರನೇ ಸಂಜೆ ಮನೆಗೆ ಬಂದಿದ್ದ ಪರೀಕ್ಷಾ ಕೋಣೆಯ ಹುಸೇನ್ ಸಾಬರು, ಅಪ್ಪನಿಗಿಂತ ವಯಸ್ಸಿನಲ್ಲಿ ದೊಡ್ಡವರು, ಚಹಾ ಕುಡಿಯುತ್ತ ಅದನ್ನು ಓದಿದರು.

"ಹೌದು ಅಂತ ಬರದು ಒಗೀರಿ ಸಾಹೇಬ್ರ. ಒಂದಕ್ಷರದ ಕೆಲಸಕ್ಕ ಮೂರು ದಿನ ಕುಂತೀರಿ."

"ಎರಡಕ್ಷರ," ಅಪ್ಪ ಅಂದರು.

"ನಿಮ್ಮ ಕೂಡ ಮಾತಾಡಿದ್ರ ಚಹಾನೂ ಆರತೈತಿ."

ಅಪ್ಪ ಸಣ್ಣ ಸುಳ್ಳಿಗೂ ಒಗ್ಗದ ಮನುಷ್ಯ. ಬಸ್ಸಿನಲ್ಲಿ ನನ್ನ ವಯಸ್ಸನ್ನು ಕಡಿಮೆ ಹೇಳಿ ಅರ್ಧ ಟಿಕೀಟು ತೆಗೆದವರಲ್ಲ. ಅವರು ತಿಳಿಯದೆ ಒಂದು ಸುಳ್ಳಿಗೆ ಸಹಿ ಮಾಡಲಿದ್ದಾರೆ, ಅದು ಸುಳ್ಳೆಂದು ನನಗೆ ಗೊತ್ತು. ಹೇಳಿದರೆ ತಪ್ಪು ಅವ್ವನ ಮೇಲೆ ಬರುತ್ತದೆ. ಹನ್ನೆರಡು ವರ್ಷದವಳ ತಲೆಗೆ ಅದಕ್ಕಿಂತ ಹೆಚ್ಚು ಹೊಳೆಯಲಿಲ್ಲ. ಕಾಗದ ಕೊಡಬೇಕಾದ ದಿನ ಬೆಳಿಗ್ಗೆ ಅವರು ಅಂಗಿಗೆ ಇಸ್ತ್ರಿ ಹಾಕುತ್ತಿದ್ದಾಗ, ಅವರ ಬೆನ್ನಿಗೆ ಹೇಳಿದೆ. ಶನಿವಾರ ಎರಡರಿಂದ ಭಾನುವಾರ ಒಂಬತ್ತರವರೆಗೆ ಅಚ್ಚುಗಳು ನೀರಿನಲ್ಲಿರಲಿಲ್ಲ ಎಂದೆ. ಅಡುಗೆಮನೆಯಲ್ಲಿ ಲಟ್ಟಣಿಗೆ ನಿಂತಿತು.

ಅಪ್ಪ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದರು.

"ಬಿಸಿಲಾಗಿದ್ವೋ, ನೆರಳಾಗೋ?"

"ನೆರಳಾಗ. ಅವ್ವ ಒದ್ದಿ ಗೋಣಿಚೀಲ ಹೊಚ್ಚಿದ್ಲು."

"ಹೂಂ." ಅರ್ಧ ಇಸ್ತ್ರಿಯಾದ ಅಂಗಿಯನ್ನು ಮಡಚುತ್ತ ಅಂದರು, "ಭಾನುವಾರ ಸಂಜಿ ಮುಳ್ಳು ಹಿಂದಕ್ಕ ಸರದಿತ್ತು. ನೆನೆಯೋ ಮಣ್ಣು ಹಿಂದಕ್ಕ ಸರಿಯಂಗಿಲ್ಲ. ಏನೋ ಆಗೈತಿ ಅಂತ ನನಗ ಅವತ್ತ ಗೊತ್ತಾತು."

"ಮತ್ತ ಯಾಕ ಕೇಳಲಿಲ್ಲ?"

"ಕೇಳಿದ್ರ ನೀವು ಹೇಳತಿದ್ರಿ."

ಆ ಮಾತು ಅರ್ಥವಾಗಲು ನನಗೆ ವರ್ಷಗಳು ಬೇಕಾದವು. ಕೇಳಿದ್ದರೆ ತಿಳಿಯುತ್ತಿತ್ತು, ತಿಳಿದರೆ ಹೊಸ ಮಣ್ಣು ತಂದು ಮತ್ತೆ ನಾಲ್ಕು ದಿನ ನೆನೆಸಬೇಕಿತ್ತು, ಸೋಮವಾರ ಸಂಜೆಯ ಪಟ್ಟಿ ತಪ್ಪುತ್ತಿತ್ತು. ಕೇಳದೆ ಇದ್ದದ್ದರಿಂದ ಅವರು ಸುಳ್ಳೂ ಹೇಳಬೇಕಾಗಿ ಬರಲಿಲ್ಲ, ನಿಜವೂ ಹೇಳಬೇಕಾಗಿ ಬರಲಿಲ್ಲ. ನಾನು ಒಂದು ವರ್ಷ ಹೊತ್ತದ್ದನ್ನು ಅವರೂ ಅದೇ ಮನೆಯಲ್ಲಿ, ಅದೇ ಹಗ್ಗಗಳ ಕೆಳಗೆ ಹೊತ್ತುಕೊಂಡು ಓಡಾಡಿದ್ದರು.

ಅವ್ವ ಹಿಟ್ಟಿನ ಕೈಯಲ್ಲೇ ಬಂದು ಬಾಗಿಲಲ್ಲಿ ನಿಂತಳು.

"ನಾ ತೆಗದೀನ್ರಿ. ಅಕಿಗೆ ಬೈಬ್ಯಾಡ್ರಿ. ನೀರು ಬಂದಿತ್ತು."

"ಬೈಯಾಕತ್ತಿಲ್ಲ. ಅದು ಏನಂತ ನಿನಗ ನಾ ಹೇಳಿರಲಿಲ್ಲ."

ಅಪ್ಪ ಅಂದು ಹತ್ತೂವರೆಯವರೆಗೆ ಕುಳಿತು ಬರೆದರು. ನಾಲ್ಕನೇ ಪ್ರಶ್ನೆಗೆ, ಇಲ್ಲ, ನಡುವೆ ಹತ್ತೊಂಬತ್ತು ತಾಸು ಮಾದರಿಗಳು ನನ್ನ ಮನೆಯಲ್ಲಿ ನೀರಿನಿಂದ ಹೊರಗಿದ್ದವು, ಮಾಪಕ ನೋಡಿದಾಗ ನನಗೆ ಅನುಮಾನ ಬಂದಿತ್ತು, ಆದರೂ ಪರೀಕ್ಷೆಯನ್ನು ಮತ್ತೆ ಮಾಡಲಿಲ್ಲ, ಇದರ ಜವಾಬ್ದಾರಿ ನನ್ನದು ಎಂದು ಬರೆದರು. ಅವ್ವನ ಹೆಸರಿರಲಿಲ್ಲ. ಆಮೇಲೆ ಯಾರೂ ಕೇಳದಿದ್ದರೂ ಇನ್ನೆರಡು ಪುಟ ಸೇರಿಸಿದರು. ಆ ಹತ್ತೊಂಬತ್ತು ತಾಸಿನಿಂದ ಮಣ್ಣು ಇದ್ದದ್ದಕ್ಕಿಂತ ಎಷ್ಟು ಗಟ್ಟಿಯೆಂದು ಅಂಕಿಯಲ್ಲಿ ತೋರಿರಬಹುದು, ಅದರಿಂದ ಗ್ರಾವೆಲ್ ಎಷ್ಟು ಕಡಿಮೆ ಬಿದ್ದಿರಬಹುದು ಎಂದು ಲೆಕ್ಕ ಹಾಕಿದ್ದರು. ಹೆಚ್ಚೆಂದರೆ ನಾಲ್ಕು ಬೆರಳು. ಕೊನೆಯಲ್ಲಿ ಒಂದು ಮಾತು ಬರೆದು ಅದರ ಕೆಳಗೆ ಗೆರೆ ಎಳೆದಿದ್ದರು: ರಸ್ತೆಯ ಎರಡೂ ಬದಿಯಲ್ಲಿ ಮಣ್ಣು ಒಂದೇ, ಪದರುಗಳ ದಪ್ಪ ಒಂದೇ, ಮಳೆ ಒಂದೇ. ತುಂಬಿದ ಲಾರಿಗಳು ಇಳಿಯುವ ಬದಿ ಮಾತ್ರ ಒಡೆದಿದೆ. ಖಾಲಿ ಲಾರಿಗಳು ಹತ್ತುವ ಬದಿ ಇಂದಿಗೂ ಗಟ್ಟಿಯಾಗಿದೆ.

ನನಗೆ ಆಗ ಭಾಳ ಹಗುರ ಅನ್ನಿಸಿತ್ತು. ನಿಜ ಹೇಳಿದರೆ ಹೀಗೇ ಆಗುತ್ತದೆ ಅಂದುಕೊಂಡಿದ್ದೆ, ಎಲ್ಲ ನಿಜಗಳೂ ಒಂದರ ಹಿಂದೊಂದು ಹೊರಗೆ ಬರುತ್ತವೆ ಎಂದು.

ಆದೇಶ ಬರಲು ಎರಡು ತಿಂಗಳಾಯಿತು. ಪಡಸಾಲೆಯಲ್ಲಿ ಅಪ್ಪ ಅದನ್ನು ಗಟ್ಟಿಯಾಗಿ ಓದಿದರು, ಅಜ್ಜಿ ಓದಲು ಹೇಳಿದ್ದಕ್ಕೆ. ಮಣ್ಣಿನ ಪರೀಕ್ಷೆಯಲ್ಲಿ ಆದ ಲೋಪದಿಂದ ರಸ್ತೆ ವಿಫಲವಾಗಿದೆ. ಸರಕಾರಿ ಮಾದರಿಗಳನ್ನು ಮನೆಯಲ್ಲಿಟ್ಟು, ಮನೆಯವರ ಅಜಾಗರೂಕತೆಗೆ ಅವಕಾಶ ಕೊಟ್ಟದ್ದನ್ನು ನೌಕರರು ಸ್ವತಃ ಒಪ್ಪಿದ್ದಾರೆ. ಬಡ್ತಿ ತಡೆಯಲಾಗಿದೆ, ಅವರನ್ನು ಉಗ್ರಾಣಕ್ಕೆ ವರ್ಗ ಮಾಡಲಾಗಿದೆ. ಲಾರಿ ಎಂಬ ಪದ ಅದರಲ್ಲಿ ಎಲ್ಲೂ ಇರಲಿಲ್ಲ. ನಾನು ಅದನ್ನು ಎರಡು ಸಲ ಓದಿ ಹುಡುಕಿದೆ. ಅಪ್ಪ ಬರೆದ ಆ ಎರಡು ಪುಟಗಳು ಪ್ರಶ್ನಾವಳಿಗೆ ಸಂಬಂಧಿಸಿಲ್ಲವೆಂದು ಹಾಗೇ ಹಿಂದಿರುಗಿ ಬಂದಿದ್ದವು, ಗುಂಡುಸೂಜಿಯೂ ಬಿಚ್ಚಿರಲಿಲ್ಲ.

"ಮನಿಯವರು ಅಂದ್ರ ಯಾರು?" ಅಜ್ಜಿ ಕೇಳಿದಳು.

ಅವ್ವ ಎದ್ದು ಒಳಗೆ ಹೋದಳು.

ರಸ್ತೆಗೆ ಆ ಚಳಿಗಾಲದಲ್ಲೇ ಮೇಲೊಂದು ಹೊಸ ಡಾಂಬರು ಪದರು ಹಾಸಿದರು. ಕೆಳಗಿನದನ್ನು ಮುಟ್ಟಲಿಲ್ಲ. ಸಂಡೂರಿಗೆ ಮದುವೆಗೆ ಹೋಗುವಾಗ ಬಸ್ಸಿನಲ್ಲಿ ಹಿಂದೆ ಕುಳಿತವರು ರಸ್ತೆ ಮಸ್ತ್ ಆಗೈತಿ ಅಂದರು. ಕಿಟಕಿಯಾಚೆ ತುಂಬಿದ ಲಾರಿಗಳು ಎದುರಿನಿಂದ ಒಂದರ ಹಿಂದೊಂದು ಇಳಿದು ಬರುತ್ತಿದ್ದವು. ನಾನು ಅಪ್ಪನನ್ನು ಕೇಳಿದೆ.

"ನಾ ಹೇಳಬಾರದಾಗಿತ್ತೇನಪ್ಪಾ?"

"ನೀ ಹೇಳಿದ್ದು ಸರಿ. ನಾ ಬರದದ್ದೂ ಸರಿ. ಅವರು ತಮಗ ಬೇಕಾದಷ್ಟ ಓದಿದ್ರು."

ಅಪ್ಪ ಹದಿನಾಲ್ಕು ವರ್ಷ ಉಗ್ರಾಣದಲ್ಲಿ ಪೈಪು, ಬಣ್ಣದ ಡಬ್ಬಿ, ಸೂಚನಾ ಫಲಕಗಳ ನಡುವೆ ಕುಳಿತು ಅದೇ ಹುದ್ದೆಯಲ್ಲಿ ನಿವೃತ್ತರಾದರು. ಅವರಿಗೆ ಕಹಿಯಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಮನೆಯಲ್ಲಿ ಒಂದೇ ಒಂದು ಬದಲಾವಣೆ ಕಂಡೆ. ಅವರು ಅವ್ವನಿಗೆ ಎಲ್ಲವನ್ನೂ ಹೇಳತೊಡಗಿದರು. ಊಟಕ್ಕೆ ಕುಳಿತಾಗ ಅವಳನ್ನು ಕರೆದು ಕೂರಿಸಿಕೊಂಡು, ರೊಟ್ಟಿಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದರು. ನಾಲ್ಕು ಬೆರಳಿನ ಲೆಕ್ಕ ಹೇಳಿದರು, ಹದಿನಾರು ಪಟ್ಟಿನ ಲೆಕ್ಕ ಹೇಳಿದರು, ಒಡೆಯದೆ ಉಳಿದ ಆ ಇನ್ನೊಂದು ಬದಿಯ ಮಾತು ಹೇಳಿದರು. ಅವ್ವ ಲೆಕ್ಕದಲ್ಲಿ ದಡ್ಡಿಯಲ್ಲ. ಎಲ್ಲ ಕೇಳಿ, ಎಲ್ಲ ಅರ್ಥ ಮಾಡಿಕೊಂಡು, ಹೌದ್ರಿ ಅನ್ನುತ್ತಿದ್ದಳು.

ಕಳೆದ ವರ್ಷ ಕಂಪ್ಲಿಯಲ್ಲಿ ಮಾವನ ಮೊಮ್ಮಗುವಿನ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದೆವು. ಊಟದ ಪಂಕ್ತಿಯಲ್ಲಿ ಹೊಸ ಬೀಗರೊಬ್ಬರು ಅಪ್ಪನ ಪಕ್ಕ ಕುಳಿತಿದ್ದರು. ಮೈನಿಂಗ್ ಟೈಮಿನಾಗ ನೌಕರಿ ಮಾಡೀರಿ, ಭಾಳ ಮ್ಯಾಲ ಹೋಗಿರಬೇಕಲ್ರಿ, ಎಲ್ಲೀತನ ಹೋದ್ರಿ ಎಂದು ಸಹಜವಾಗಿ ಕೇಳಿದರು. ಅಪ್ಪ ತುತ್ತು ನುಂಗಿ ಉತ್ತರ ಕೊಡುವ ಮುಂಚೆ, ತುಪ್ಪ ಬಡಿಸುತ್ತ ಬಂದಿದ್ದ ಅವ್ವ ಬಾಗಿ ಅಂದಳು.

"ಮ್ಯಾಲ ಹೋಗಾವರ ಇದ್ದರ್ರಿ. ನಾನ ನೀರು ಹಿಡಿಯಾಕ ಹೋಗಿ ಕೆಡಿಸಿದೆ."

ನಗುತ್ತಲೇ ಅಂದಳು. ಬೀಗರಿಗೆ ತಿಳಿಯಲಿಲ್ಲ, ಅವರೂ ನಕ್ಕರು. ಅವ್ವ ಇದನ್ನು ಈಗ ಎಲ್ಲರಿಗೂ ತಾನೇ ಮೊದಲು ಹೇಳಿಬಿಡುತ್ತಾಳೆ, ಬೇರೆ ಯಾರೂ ಹೇಳುವ ಮುಂಚೆ. ಅಪ್ಪ ಹಿಂದೆಲ್ಲ ಕೂತಲ್ಲಿಂದಲೇ ಅವಳನ್ನು ತಿದ್ದುತ್ತಿದ್ದರು. ಈಗ ತಿದ್ದುವುದಿಲ್ಲ, ಎಲೆ ನೋಡುತ್ತ ಉಣ್ಣುತ್ತಾರೆ. ನಾನು ತಿದ್ದುತ್ತೇನೆ. ಅಂದೂ ತಿದ್ದಿದೆ. ಲಾರಿಗಳ ಭಾರದಿಂದ ಶುರು ಮಾಡಿ ಎಲ್ಲವನ್ನೂ ನಿಧಾನವಾಗಿ, ಒಂದೂ ಬಿಡದೆ ಹೇಳಿದೆ. ಅವ್ವ ತುಪ್ಪದ ಗಿಂಡಿ ಹಿಡಿದು ಕೊನೆಯವರೆಗೆ ನಿಂತು ಕೇಳಿದಳು. ಆಮೇಲೆ ಬೀಗರ ಕಡೆ ತಿರುಗಿ, "ನನ್ನ ಮಗಳು, ನನ್ನ ಮನಸಿಗೆ ನೋವಾಗಬಾರದು ಅಂತ ಹಿಂಗ ಹೇಳ್ತಾಳ್ರಿ," ಅಂದು ಮುಂದಿನ ಎಲೆಗೆ ಹೋದಳು.